ಸ್ನಾನದ ನೀರು ಕುಡಿದ ಗುರಾಣಿಗಳು

ಹಿಲ್ಡಾ ಗ್ಯಾರಡ್‌ ಅವರನ್ನು ಸರಕೆಂದುಕೊಂಡು ನೋಡಿದರೆ, ಎತ್ತರ ಕಡಿಮೆ, ಅಗಲ ಧಾರಾಳ, ಹೊರಮೈ ಒರಟು, ಒಳಹೊಲಿಗೆ ಗಟ್ಟಿ. ಟಾರು ಹಚ್ಚಿದ ದಾರ ಎಳೆದೆಳೆದು ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ನಾಲಿಗೆಗೆ ಸುಂಕ ಹಾಕುವಂತಿದ್ದರೆ ಆಕೆಯೊಬ್ಬರಿಂದಲೇ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಮನುಷ್ಯರನ್ನು ಹೀಗೆ ತೂಗಬಾರದು ಎನ್ನುವವರಿಗೆ ನನ್ನದೊಂದು ಸಮಜಾಯಿಷಿ ಇದೆ. ಗುರಿಯಿಡುವುದಕ್ಕೆ ನಾವು ‘ಏಮ್’ ಅನ್ನುತ್ತೇವಲ್ಲ, ಆ ಪದ ಹುಟ್ಟಿದ್ದೇ ಬೆಲೆ ಕಟ್ಟು, ಅಂದಾಜು ಮಾಡು ಎಂಬ ಹಳೆಯ ಪದದಿಂದ. ಬಿಲ್ಲುಗಾರ ಬಾಣ ಬಿಡುವ ಮುಂಚೆ ಮಾಡುವುದೂ ಅದನ್ನೇ, ಸಫೋಕ್ ಜಿಲ್ಲೆಯ ನನ್ನ ಆಟದ ಸಾಮಾನಿನ ಅಂಗಡಿಯಲ್ಲಿ ಕೂತು ನಾನು ಮಾಡುವುದೂ ಅದನ್ನೇ.

ಹಿಲ್ಡಾ ಬಿಲ್ಲುಗಾರರಿಗೆ ಟಾರ್ಗೆಟ್ ಮಾಡುತ್ತಿದ್ದರು. ಉದ್ದನೆಯ ರೈ ಹುಲ್ಲನ್ನು ದಪ್ಪ ಹಗ್ಗದಂತೆ ಹೊಸೆದು, ನಡುವಿನಿಂದ ಸುತ್ತುತ್ತ ಬಂದು, ಸುತ್ತಿಗೆ ಸುತ್ತು ಸೇರಿಸಿ ಹೊಲಿಯುವುದು. ಗಂಡ ತೀರಿಹೋದ ಮೇಲೂ, ಕಾರ್ಯಾಗಾರ ಮಾಡಿಕೊಂಡಿದ್ದ ಹಳೆಯ ಕಣಜದಲ್ಲಿ ಒಬ್ಬರೇ ಆ ಕೆಲಸ ನಡೆಸಿಕೊಂಡು ಬಂದಿದ್ದರು. “ಗಟ್ಟಿಮುಟ್ಟಾದ ಗುರಿ” ಎಂದು ನಾನೊಮ್ಮೆ ಹೊಗಳಿದ್ದೇ ತಪ್ಪಾಯಿತು.

“ಗುರಿ ಅಂತೆ ಗುರಿ! ಹಿಂದಿನ ಕಾಲದಲ್ಲಿ ಟಾರ್ಗೆಟ್ ಅಂದ್ರೆ ಏನು ಗೊತ್ತೇನೋ ಕ್ಲೆಮ್? ಸಿಪಾಯಿ ಕೈಲಿ ಹಿಡಿಯೋ ಪುಟ್ಟ ದುಂಡು ಗುರಾಣಿ. ಆಮೇಲೆ ಅದರ ಹಾಗೇ ದುಂಡಗೆ ಮಾಡಿ ಹೊಡೆಯೋಕೆ ನಿಲ್ಲಿಸಿದ್ದಕ್ಕೂ ಅದೇ ಹೆಸರು ಬಂತು. ಹೊಡೆಯೋದು ನಿಮ್ಮ ಕೆಲಸ. ತಡೆಯೋದು ನನ್ನ ಕೆಲಸ.”

“ಹಾಗಾದ್ರೆ ರಸೀದಿಯಲ್ಲಿ ಗುರಾಣಿ ಅಂತ ಬರೀಲಾ?”

“ಬರಿ. ಯುದ್ಧ ಅಂದ್ಕೊಂಡು ಗಿರಾಕಿ ಓಡಿಹೋದ್ರೆ ನನ್ನ ಕೇಳಬೇಡ.”

ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಆ ಕಣಜಕ್ಕೇ ಸಂಚಕಾರ ಬಂತು. ಜಿಲ್ಲೆಯ ಬಿಲ್ಲುಗಾರರ ಸಂಘ ತನ್ನ ಎಲ್ಲ ಮೈದಾನಗಳಿಗೂ ಒಂದೇ ಬಗೆಯ ಟಾರ್ಗೆಟ್ ಕೊಳ್ಳುವುದೆಂದು ತೀರ್ಮಾನಿಸಿತು. ಒಂದು ಕಡೆ ಹಿಲ್ಡಾರ ಹುಲ್ಲು, ಇನ್ನೊಂದು ಕಡೆ ಕಾರ್ಖಾನೆಯ ಪ್ಲಾಸ್ಟಿಕ್ ನೊರೆಯ ಹಲಗೆ. ಶನಿವಾರ ಪರೀಕ್ಷೆ. ಸೋತರೆ ಕಣಜಕ್ಕೆ ಬೀಗ. ಆಕೆಗೆ ಸಂಘ ಬಿಟ್ಟರೆ ಬೇರೆ ದೊಡ್ಡ ಗಿರಾಕಿಯಿರಲಿಲ್ಲ. ಆಕೆಯ ಸರಕು ಗಟ್ಟಿಯೆಂದು ಸಂಘಕ್ಕೆ ಮಾತು ಕೊಟ್ಟು ಕೂತಿದ್ದವನು ನಾನು.

ಸಂಘದ ಕಾರ್ಯದರ್ಶಿ ಕ್ಯಾಪ್ಟನ್ ಪ್ರೆಂಟಿಸ್ ತಾವೇ ಮೊದಲ ಬಾಣ ಬಿಟ್ಟರು. ಅದು ನೆಟ್ಟಗೆ ಹಿಲ್ಡಾರ ಟಾರ್ಗೆಟ್ಟಿನ ಹಳದಿ ನಡುವನ್ನು ಹೊಕ್ಕಿತು. ಹೊಕ್ಕಿದ್ದು ನಿಲ್ಲಲೇ ಇಲ್ಲ, ಹಿಂಬದಿಯಿಂದ ಹೊರಬಿದ್ದು ಮುಳ್ಳುಬೇಲಿಗೆ ಸಿಕ್ಕಿಕೊಂಡಿತು. ಎರಡನೆಯದೂ ಅದರ ಹಿಂದೆಯೇ ಹೋಯಿತು.

ಹಿಲ್ಡಾರ ನೆರೆಮನೆಯ ಡೋರೀನ್ ಮೈದಾನದ ಪಕ್ಕದ ಬೇಲಿಯಾಚೆಯಿಂದ ಕೂಗಿದಳು: “ಏನೇ ಹಿಲ್ಡಾ, ಟಾರ್ಗೆಟ್ ಮಾಡಿದ್ದೀಯಾ, ಜರಡಿ ಮಾಡಿದ್ದೀಯಾ?”

ಹಿಲ್ಡಾ ಹತ್ತಿರ ಹೋಗಿ ಹುಲ್ಲನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಒಣ ಬಿಸ್ಕತ್ತಿನಂತೆ ಪುಡಿಯಾಯಿತು.

“ಕ್ಯಾಪ್ಟನ್, ನಾನು ಕಳಿಸಿದ್ದ ಇವನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ?”

“ನನ್ನ ಗಾಜಿನ ಮನೇಲಿ ಮೇಡಂ, ಟೊಮೇಟೊ ಗಿಡಗಳ ಪಕ್ಕ. ಒಂದು ಹನಿ ತೇವ ತಾಗೋಕೆ ಬಿಟ್ಟಿಲ್ಲ.”

“ಟೊಮೇಟೊಗೆ ನೀರು ಹಾಕಿದ್ರಾ?”

“ದಿನಾ. ಪಾತ್ರೆ ತೊಳೆದ ನೀರು.”

“ಅಯ್ಯೋ ಪುಣ್ಯಾತ್ಮ! ಅದಕ್ಕೆ ಕುಡಿಸಿ, ಪಕ್ಕದಲ್ಲೇ ಕೂತಿದ್ದ ನನ್ನ ಹುಲ್ಲನ್ನ ಬಾಯಾರಿಸಿ ಸಾಯಿಸಿದ್ರಲ್ಲ!”

ಕ್ಯಾಪ್ಟನ್ನರದು ತಪ್ಪೆನ್ನಲಾಗದ ತಪ್ಪು. ನಮ್ಮ ದೇಶದಲ್ಲಿ ಹುಟ್ಟಿದ ಮಗುವಿಗೂ ಮೊದಲು ಕಲಿಸುವುದು ಎಲ್ಲವನ್ನೂ ಮಳೆಯಿಂದ ಕಾಪಾಡು ಎಂದು. ಆ ವರ್ಷ ಮಳೆಯೇ ನಾಪತ್ತೆಯಾಗಿದ್ದರೂ ಅವರು ಹುಲ್ಲನ್ನು ಅದರಿಂದ ಕಾಪಾಡುತ್ತಲೇ ಇದ್ದರು. ತೇವ ಕುಡಿದರೆ ಹುಲ್ಲು ಉಬ್ಬುತ್ತದೆ, ದಾರ ಬಿಗಿಯುತ್ತದೆ, ಬಾಣ ನಿಲ್ಲುತ್ತದೆ. ಹಿಲ್ಡಾ ಮಾರಾಟಕ್ಕೆ ಮುಂಚೆ ಪ್ರತಿಯೊಂದನ್ನೂ ಊರ ಕೊಳದಲ್ಲಿ ಅದ್ದುತ್ತಿದ್ದರು.

“ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಡಿ,” ಎಂದರು ಹಿಲ್ಡಾ.

ಕ್ಯಾಪ್ಟನ್ ಕೊಟ್ಟರು. ಆದರೆ ನೀರೆಲ್ಲಿ? ಕೊಳದ ತಳ ಬಿರುಕುಬಿಟ್ಟಿತ್ತು. ಬರಗಾಲದ ಕಟ್ಟಳೆಯಿತ್ತು, ಪೈಪು ಹಿಡಿದು ನೀರು ಬಿಟ್ಟರೆ ದಂಡ. ಕಣಜದ ಮುಂದೆ ನಾನು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ, ಆಗಲೇ ಜರಡಿಯೆಂದು ಅಣಕಿಸಿದ್ದ ಡೋರೀನ್ ಎರಡು ಬಕೆಟ್ ಹಿಡಿದು ಬಂದಳು. ನೀರು ಬೂದಿ ಬಣ್ಣಕ್ಕಿತ್ತು, ಮೇಲೆ ಸೋಪಿನ ನೊರೆ.

“ನಮ್ಮ ಮನೆಯವರ ಸ್ನಾನದ್ದು. ಒಂದೇ ನೀರಲ್ಲಿ ಮೊದಲು ನಾನು, ಆಮೇಲೆ ಅವರು, ಆಮೇಲೆ ನಾಯಿ.”

“ನಾಯಿದ್ದಾದ್ರೆ ಪರವಾಗಿಲ್ಲ,” ಎಂದರು ಹಿಲ್ಡಾ. “ನಿನ್ನ ಗಂಡನದ್ದೇ ಯೋಚನೆ.”

ಸಂಜೆಯ ಬಿಸಿಲಿನಲ್ಲಿ ಇಡೀ ಬೀದಿ ಸಾಲುಗಟ್ಟಿತು. ಬಟ್ಟೆ ಒಗೆದ ನೀರು, ಆಲೂಗಡ್ಡೆ ಬೇಯಿಸಿದ ನೀರು, ಯಾರದೋ ಹಲ್ಲಿನ ಸೆಟ್ಟು ನೆನೆಸಿದ ಲೋಟ. ನಾವು ಸುರಿದಂತೆಲ್ಲ ಹುಲ್ಲು ಹೀರುತ್ತಲೇ ಇತ್ತು. ಕೊನೆಯಲ್ಲಿ ಕ್ಯಾಪ್ಟನ್ ಪ್ರೆಂಟಿಸ್ ಬಂದರು. ಮೈಮೇಲೆ ಕೋಟು, ಕೊರಳಲ್ಲಿ ಟೈ, ಕೈಯಲ್ಲಿ ಮುಚ್ಚಳವಿದ್ದ ಬಕೆಟ್.

“ನನ್ನದೇ,” ಎಂದರು, ಎತ್ತಲೋ ನೋಡುತ್ತ. “ಬೆಳಗಿನ ಸ್ನಾನದ್ದು.”

“ತಗೊಂಬನ್ನಿ ಸರ್,” ಎಂದರು ಹಿಲ್ಡಾ. “ಈ ದೊಡ್ಡದಕ್ಕೆ ನೀವೇ ಹಾಕಿ. ನಡುವಿಗೆ ಸರಿಯಾಗಿ.”

ರಾತ್ರಿಗೆ ಅವಕ್ಕೆ ಒದ್ದೆ ಗೋಣಿ ಹೊದಿಸಿ ಮಲಗಿಸಿದೆವು.

ಭಾನುವಾರ ಮೈದಾನದ ತುಂಬ ಲ್ಯಾವೆಂಡರ್ ಸೋಪಿನ ವಾಸನೆ. ಕ್ಯಾಪ್ಟನ್ ಬಿಲ್ಲೆಳೆದರು. ಬಾಣ ‘ಥಪ್’ ಎಂದು ನೆಟ್ಟು ಅಲ್ಲೇ ಅದುರುತ್ತ ನಿಂತಿತು. ಇನ್ನೊಂದೂ ನಿಂತಿತು. ಸಂಘದವರೆಲ್ಲ ಸರದಿಯಲ್ಲಿ ಬಂದು ಬಾಣ ಬಿಟ್ಟರು. ಮುಳ್ಳುಬೇಲಿಗೆ ಅಂದು ಒಂದೂ ಸಿಗಲಿಲ್ಲ. ಎರಡು ಬೆರಳಲ್ಲಿ ಹಿಡಿದರೆ ಬಾಣ ಸಲೀಸಾಗಿ ಈಚೆ ಬರುತ್ತಿತ್ತು. ಕಾರ್ಖಾನೆಯ ಹಲಗೆಯೂ ಬಾಣವನ್ನು ತಡೆಯಿತು, ಆದರೆ ಬಿಸಿಲಿಗೆ ಮೆತ್ತಗಾಗಿ ಅದನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಕ್ಯಾಪ್ಟನ್ ಕಾಲು ಕೊಟ್ಟು ಎಳೆದಾಗ ಕಡ್ಡಿ ಕೈಗೆ ಬಂತು, ಮೊನೆ ಒಳಗೇ ಉಳಿಯಿತು.

ಅವರು ಆ ಕಡ್ಡಿಯನ್ನು ನೋಡಿದರು, ಹಿಲ್ಡಾರನ್ನು ನೋಡಿದರು, ಟೋಪಿ ತೆಗೆದರು. “ಜಿಲ್ಲೆಯ ಎಲ್ಲ ಮೈದಾನಕ್ಕೂ ಮಿಸೆಸ್ ಗ್ಯಾರಡ್ ಅವರದೇ.”

ಬೇಲಿಯಾಚೆ ಬೀದಿಗೆ ಬೀದಿಯೇ ಖಾಲಿ ಬಕೆಟ್ ಬಡಿಯಿತು. ಡೋರೀನ್ ಅಂತೂ, ತನ್ನ ಗಂಡ ಜಿಲ್ಲೆಯ ಕ್ರೀಡೆಗೆ ಮಾಡಿದ ಒಂದೇ ಸೇವೆ ಇದೆಂದು ಸಿಕ್ಕಿದವರಿಗೆಲ್ಲ ಸಾರಿದಳು. ಹಿಲ್ಡಾ ಸೊಂಟಕ್ಕೆ ಕೈಕೊಟ್ಟು, ಮೈದಾನವನ್ನೇ ಗೆದ್ದುಕೊಂಡವರಂತೆ ನಿಂತಿದ್ದರು. ಗೆದ್ದೇ ಇದ್ದರು. ಮುಂದೆ ಕಣಜಕ್ಕೆ ಇನ್ನೊಂದು ಅಂಕಣ ಸೇರಿತು, ಹೊಲಿಯಲು ಇಬ್ಬರು ಹೆಂಗಸರು ಬಂದರು. ಬೈಗುಳವನ್ನು ಮೂವರಿಗೆ ಹಂಚಬೇಕಾದ್ದರಿಂದ ನನ್ನ ಪಾಲು ತುಸು ಕಡಿಮೆಯಾಯಿತು.

ನನ್ನ ಅಂಗಡಿಯ ಮಾತನ್ನು ನಂಬಬಹುದು ಎಂದು ಈ ಜಿಲ್ಲೆಯಲ್ಲಿ ಈಗಲೂ ಹೇಳುತ್ತಾರೆ. ಆ ಹೆಸರನ್ನು ನಾನು ಸಂಪಾದಿಸಿದ್ದಲ್ಲ. ಹಿಲ್ಡಾ ಗ್ಯಾರಡ್ ಕೊಟ್ಟದ್ದು.