ಕುಡಿಯದ ಮಾವನ ಅಮಾನತು

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಪೊಲೀಸ್ ಪೇದೆ. ಮದುವೆ ಆಗಿಲ್ಲ, ಹೊಸಪೇಟೆಯ ನಮ್ಮ ಮನೆಯಲ್ಲೇ ಇರುತ್ತಾನೆ. ಠಾಣೆಗಳಲ್ಲಿ ಪೇದೆಗಳನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ನಂಬರ್ ಹಿಡಿದೇ ಕರೆಯುತ್ತಾರೆ. ಮಾವನ ನಂಬರನ್ನು ಬದಲಿಸಿ ಬರೆಯುತ್ತೇನೆ, ನಾನೂರೆಂಟು ಅಂತ ಇಟ್ಟುಕೊಳ್ಳಿ. ಫೋನಿನಲ್ಲಿ ಯಾರಾದರೂ ನಾನೂರೆಂಟು ಅಂದರೆ ಸಾಕು, ಊಟಕ್ಕೆ ಕುಳಿತಿದ್ದರೂ ಎದ್ದು ನಿಂತು "ಸರ್" ಅನ್ನುತ್ತಿದ್ದ. ಅಮ್ಮನಿಗೆ ನಗು.

"ಅಪ್ಪ ಇಟ್ಟ ಹೆಸ್ರು ಹಿಡ್ದು ಹತ್ತು ಸಲ ಕೂಗಿದ್ರೂ ಓ ಅನ್ನಂಗಿಲ್ಲ. ನಂಬರಿಗೆ ನೋಡು ಹೆಂಗ ಜಿಗಿತಾನ!"

ಒಂದು ದಿನ ಮಾವ ಬಾಗಿಲು ಮುಚ್ಚಿ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡ. ಮೇಲಿನ ಸಾಹೇಬರೊಬ್ಬರು ಅವನನ್ನು ಒಬ್ಬನನ್ನೇ ಕರೆಸಿ ಮಾತಾಡಿದ್ದರಂತೆ. ಕಂಪ್ಲಿ ಕಡೆ ಹೊಳೆಯ ಮರಳನ್ನು ಟ್ರ್ಯಾಕ್ಟರಿನಲ್ಲಿ ಕದ್ದು ಸಾಗಿಸುತ್ತಿದ್ದರು. ಪೊಲೀಸರು ಯಾವಾಗ ಹೋದರೂ ದಂಡೆ ಖಾಲಿ. ಆ ಮರಳು ಕಳ್ಳರ ನಡುವೆ ಪೊಲೀಸರ ಕಡೆಯವನೊಬ್ಬನನ್ನು ಸೇರಿಸಬೇಕು ಅನ್ನುವುದು ಸಾಹೇಬರ ಲೆಕ್ಕ. ಆದರೆ ಪೊಲೀಸನನ್ನು ಅವರು ಯಾಕೆ ಸೇರಿಸಿಕೊಂಡಾರು? ಇಲಾಖೆಯೇ ಹೊರಗೆ ಹಾಕಿದ, ಇಲಾಖೆಯ ಮೇಲೆ ಸಿಟ್ಟಿರುವ ಪೊಲೀಸನಾದರೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಮೊದಲು ಮಾವ ಅಮಾನತು ಆಗಬೇಕು. ಕಾರಣ, ಡ್ಯೂಟಿಯಲ್ಲಿ ಕುಡಿದದ್ದು.

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಕುಡ್ದಿದ್ದಕ್ಕಾ? ನೀನಾ? ಮಜ್ಜಿಗಿ ಹುಳಿ ಆದ್ರ ಮುಖ ಕಿವಿಚ್ತೀ ಅಲ್ಲೋ!"

"ಇದು ನಾಟಕ ಅಕ್ಕ. ಕೆಲ್ಸ ಮುಗುದ್ ಕೂಡ್ಲೆ ಸಾಹೇಬ್ರು ವಾಪಸ್ ತಗಂತಾರ."

"ಮಾಮ, ಬರ್ದು ಕೊಟ್ಟಾರೇನು?" ಅಂತ ನಾನು ಕೇಳಿದೆ.

"ಇಂಥವೆಲ್ಲ ಬರ್ದು ಕೊಡ್ತಾರೇನಲೇ ಅಳಿಯಾ? ಬರ್ದ್ರ ಅದನ್ನ ಓದೋರು ನಮ್ಮ ಠಾಣ್ಯಾಗ ಭಾಳ ಮಂದಿ ಅದಾರ."

ಮಾವ ಯಾವ ಕೆಲಸವನ್ನೂ ಅರ್ಧಕ್ಕೆ ಮಾಡುವವನಲ್ಲ. ಪರೇಡಿಗೆ ತಯಾರಾಗುವ ಹಾಗೆಯೇ ಇದಕ್ಕೂ ತಯಾರಾದ. ಜೊತೆಗೇ ಪೊಲೀಸ್ ಸೇರಿದ್ದ ಇಬ್ಬರು ಗೆಳೆಯರನ್ನು ಮನೆಗೆ ಕರೆದು, ಮಂಡಕ್ಕಿ ಒಗ್ಗರಣೆ ಮಿರ್ಚಿ ಕೊಟ್ಟು, ಏನು ಸಾಕ್ಷಿ ಹೇಳಬೇಕು ಅಂತ ಕಲಿಸಿದ. ನಾನು ಅಲ್ಲೇ ಕುಳಿತು ನೋಡುತ್ತಿದ್ದೆ.

"ಸಾಹೇಬ್ರಿಗೆ ಬೈದ, ಟೋಪಿ ತಗದು ರೋಡಿಗೆ ಒಗ್ದ ಅನ್ರಿ" ಅಂದ ಮಾವ.

ಒಬ್ಬ ಗೆಳೆಯ ಮಿರ್ಚಿ ಕೈಯಲ್ಲೇ ಹಿಡಿದು ಕೇಳಿದ. "ಅಣ್ಣಾ, ಟೋಪಿ ಒಗ್ದ ಅಂದ್ರ ಭಾಳ ಆಗಂಗಿಲ್ಲೇನು?"

"ಭಾಳ ಆಗ್ಬೇಕಲೇ. ಸಣ್ಣಕ ಮಾಡಿದ್ರ ಯಾರು ನಂಬ್ತಾರ?"

ಮರುದಿನ ಮಧ್ಯಾಹ್ನ ಹೊಸಪೇಟೆ ಬಸ್ ನಿಲ್ದಾಣದಲ್ಲಿ, ಕಂಪ್ಲಿ ಬಸ್ಸು ನಿಲ್ಲುವ ಕಡೆಯೇ, ಸುದ್ದಿ ಬಸ್ಸಿನ ಜೊತೆಗೇ ಹೋಗಲಿ ಅಂತ, ಮಾವ ಸಮವಸ್ತ್ರದ ಮೇಲೆ ಬ್ರಾಂದಿ ಸುರಿದುಕೊಂಡು ಮಲಗಿದ. ಬಾಯಿ ಮುಕ್ಕಳಿಸಿ ಉಗುಳಿದ್ದನಷ್ಟೇ, ಒಂದು ಗುಟುಕೂ ಕುಡಿದಿರಲಿಲ್ಲ. ಜನ ಸುತ್ತ ನಿಂತು ಮೊಬೈಲಿನಲ್ಲಿ ತೆಗೆದುಕೊಂಡರು. ಸಂಜೆಯೊಳಗೆ ನಮ್ಮ ಓಣಿಯ ಎಲ್ಲರ ಫೋನಿನಲ್ಲೂ ಅದಿತ್ತು. ಅಮ್ಮ ನಲ್ಲಿ ನೀರಿಗೆ ಹೋಗುವುದನ್ನು ಬಿಟ್ಟಳು, ನಾನು ಹೋಗುತ್ತಿದ್ದೆ. ಕೊಡದ ಸಾಲಿನಲ್ಲಿ ನಿಂತ ಹೆಂಗಸರು ನನಗೆ ಕೇಳಿಸುವ ಹಾಗೇ "ಪಾಪ, ಎಂಥಾ ಹುಡುಗ ಹಿಂಗಾದ" ಅನ್ನುತ್ತಿದ್ದರು. ನಾನು ಕೊಡ ತುಂಬಿಸಿಕೊಂಡು ಬರುತ್ತಿದ್ದೆ.

ಅಮಾನತು ಆಯಿತು. ಮಾವ ಕೂದಲು, ಗಡ್ಡ ಬಿಟ್ಟ. ಕಂಪ್ಲಿ ಹತ್ತಿರ ಹೊಳೆದಂಡೆಯಲ್ಲಿ ಮರಳಿನವರ ಟ್ರ್ಯಾಕ್ಟರ್ ಓಡಿಸಲು ಸೇರಿದ. ಅವರ ಮುಖ್ಯಸ್ಥನನ್ನು ಎಲ್ಲರೂ ಯಜಮಾನ ಅನ್ನುತ್ತಿದ್ದರು. ಮಾವ ಹೇಳಿದ ಪ್ರಕಾರ ಅವನು ಜೋರಾಗಿ ಮಾತಾಡುವವನೇ ಅಲ್ಲ, ದಿನಾ ವಿಭೂತಿ ಹಚ್ಚಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹಲ್ಲುಕಡ್ಡಿ ಆಡಿಸುವ ಸಾಧು ಮನುಷ್ಯ. ಭಾನುವಾರ ಮಾವ ಬಸ್ಸಿಗೆ ಮನೆಗೆ ಬಂದು ಸ್ನಾನ ಮಾಡಿ, ರೊಟ್ಟಿ ತಿಂದು, ಹೊಳೆದಂಡೆಯ ಸುದ್ದಿ ಹೇಳಿ ಹೋಗುತ್ತಿದ್ದ. ಖುಷಿಯಾಗಿದ್ದ ಅಂತಲೇ ನನ್ನ ನೆನಪು.

ಪೊಲೀಸರು ಬರುವ ಸುದ್ದಿ ಯಜಮಾನನಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅನ್ನುವುದು ಒಂದು ದಿನ ಮಾವನಿಗೆ ತಿಳಿಯಿತು. ಯಜಮಾನ ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ಫೋನಿನ ಆ ಕಡೆಯ ದನಿ ಮಾವನದೇ ಠಾಣೆಯ ಜೀಪ್ ಡ್ರೈವರನದು. ಮಾವ ಆ ವಿಷಯವನ್ನು ಸಾಹೇಬರಿಗೆ ಮುಟ್ಟಿಸಿದ. ಅವರು "ಒಳ್ಳೆ ಕೆಲಸ" ಅಂದರಂತೆ. ಟ್ರ್ಯಾಕ್ಟರ್ ಹಿಡಿಯಲು ಹೋದ ಮಾವ ಠಾಣೆಯನ್ನೇ ಹಿಡಿದು ಕೊಟ್ಟಿದ್ದ. ಆ ಮಾತು ಸಾಹೇಬರಿಂದ ಯಾರಿಗೆ ಹೋಯಿತು, ಅಲ್ಲಿಂದ ಹೊಳೆಗೆ ಹೇಗೆ ಇಳಿಯಿತು, ನಮಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರದ ಒಂದು ಬೆಳಗ್ಗೆ ಎಲ್ಲರೂ ದಂಡೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಾವ ಟ್ರ್ಯಾಕ್ಟರಿನ ನೆರಳಿಗೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಹಿಂದಿನಿಂದ ಯಜಮಾನ ಪೊಲೀಸ್ ಸಾಹೇಬರ ಗತ್ತಿನಲ್ಲಿ ಕೂಗಿದ. "ನಾನೂರೆಂಟು!"

ಮಾವ ಎದ್ದು, ಹಿಮ್ಮಡಿ ಜೋಡಿಸಿ ನಿಂತು "ಸರ್" ಅಂದ. ಲೋಟ ಕೈಯಲ್ಲೇ ಇತ್ತು. ಕೂಲಿಯವರು ನಕ್ಕರು, ಯಾಕೆ ಅಂತ ಅವರಿಗೆ ತಿಳಿದಿರಲಿಲ್ಲ.

"ಕುಂದ್ರಪಾ, ಕುಂದ್ರು. ಚಾ ಕುಡಿ" ಅಂದ ಯಜಮಾನ. "ನಿಮ್ಮವ್ರು ಹೇಳಿದ್ದು ನಾನು ನಂಬಿರ್ಲಿಲ್ಲ. ನಂಬರ್ ಕೂಗಿ ನೋಡ್ರಿ, ಕೆಲ್ಸ ಬಿಟ್ಟೋನಾದ್ರ ಬಾಯಿಗೆ ಬಂದಂಗ ಬೈತಾನ, ಡ್ಯೂಟಿ ಮ್ಯಾಲಿದ್ರ ಎದ್ದು ನಿಂದ್ರತಾನ ಅಂದಿದ್ರು. ನಿಂತಿಯಲ್ಲಪಾ!"

ಮಾವ ಲೋಟ ಹಿಡಿದೇ ಮತ್ತೆ ಕುಕ್ಕರುಗಾಲಲ್ಲಿ ಕುಳಿತ.

"ಹೆದರ್ಬ್ಯಾಡ. ನಿನ್ನ ಹೊಡ್ದು ನಾನ್ಯಾಕ ಕೈ ಹೊಲಸು ಮಾಡ್ಕಳ್ಳಿ? ಮನೀಗೆ ಹೋಗು. ಮುಂದಿಂದು ನಿಮ್ಮವ್ರು ನೋಡ್ಕಂತಾರ."

ಮಾವ ಚಹಾ ಮುಗಿಸಿ, ಟ್ರ್ಯಾಕ್ಟರಿನ ಕೀಲಿ ಕುರ್ಚಿಯ ಮೇಲಿಟ್ಟು, ಕಂಪ್ಲಿಗೆ ನಡೆದು ಬಂದು ಬಸ್ ಹತ್ತಿದ.

ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಮಾವ ಮಾಡಿದ ಫೋನಿಗೆ ಅವರು ಒಂದೇ ಸಲ ಉತ್ತರ ಕೊಟ್ಟರು, ಅದೂ ಬಹುವಚನದಲ್ಲಿ. "ಯಾವ ಕೆಲಸದ ಬಗ್ಗೆ ಹೇಳ್ತಿದ್ದೀರಿ? ನಿಮ್ಮ ಅಮಾನತಿನ ವಿಚಾರ ಅಲ್ಲಿನ ಅಧಿಕಾರಿಗಳನ್ನ ಕೇಳಿ." ಮಾವ ಠಾಣೆಗೆ ಹೋದ. ಅಲ್ಲಿ ಯಾರೂ ನಂಬರ್ ಹಿಡಿದು ಕರೆಯಲಿಲ್ಲ. "ಬರ್ರಿ, ಕುಂದ್ರಿ, ಚಾ ತಗಳ್ರಿ" ಅಂತ ದೂರು ಕೊಡಲು ಬಂದವರಿಗೆ ಅನ್ನುವ ಹಾಗೆ ಅಂದರು. ಅದನ್ನು ಹೇಳುವಾಗ ಮಾತ್ರ ಮಾವನ ಮುಖ ಸ್ವಲ್ಪ ಸಣ್ಣದಾಗಿತ್ತು.

ಆಮೇಲೆ ಇಲಾಖೆಯ ವಿಚಾರಣೆ. ಅಷ್ಟರಲ್ಲಿ ನಾನು ಮೊಬೈಲಿನಲ್ಲೇ ಪೊಲೀಸ್ ನಿಯಮಗಳನ್ನೆಲ್ಲ ಓದಿ ತಲೆಗೆ ತುಂಬಿಕೊಂಡಿದ್ದೆ. ಅಮಾನತು ಅಂದರೆ ಶಿಕ್ಷೆಯೇ ಅಲ್ಲ, ತನಿಖೆ ಮುಗಿಯುವವರೆಗೆ ದೂರ ಇಡುವುದು ಅಷ್ಟೇ, ಗೊತ್ತಾ? ಸಾಕ್ಷಿಗಳಿಗೆ ಮಾವನೇ ತಿರುಗಿ ಪ್ರಶ್ನೆ ಹಾಕಬಹುದು. ಆ ಇಬ್ಬರೂ ಗೆಳೆಯರು ನಿಜ ಹೇಳಿಬಿಡುತ್ತಾರೆ ಅಂದುಕೊಂಡಿದ್ದೆ.

ವಿಚಾರಣೆ ಮುಗಿಸಿ ಬಂದ ಮಾವ ಶೂ ಬಿಚ್ಚುತ್ತಾ ನಗುತ್ತಿದ್ದ. "ಒಂದಕ್ಷರ ತಪ್ಪಲಿಲ್ಲಲೇ ಅಳಿಯಾ! ಬೈದ ಅಂದ್ರು. ಟೋಪಿ ಒಗ್ದ ಅಂದ್ರು. ನಾನೇ ಕಲ್ಸಿದ್ದು, ಹಂಗ ಒಪ್ಪಿಸಿದ್ರು."

"ನೀನು ಪ್ರಶ್ನೆ ಹಾಕ್ಲಿಲ್ಲೇನು ಮಾಮ?"

"ಏನಂತ ಹಾಕ್ಲಿ? ಅವ್ರ ಹೆಂಡ್ರು ಮಕ್ಳೂ ಅದೇ ಪಗಾರದ ಮ್ಯಾಲೆ ಅದಾರ. ಹೊರಗ ಬಂದ ಮ್ಯಾಲೆ ಒಬ್ಬ ಕೈ ಹಿಡ್ಕಂಡು ಅತ್ತ. ನಾನೇ ಸಮಾಧಾನ ಮಾಡಿ ಕಳ್ಸೀನಿ."

ವಿಚಾರಣೆ ಅಧಿಕಾರಿ ಮಾವನನ್ನು ಬದಿಗೆ ಕರೆದು ಒಂದು ದಾರಿ ಹೇಳಿದ್ದರು. ಕುಡಿದದ್ದು ನಿಜ ಅಂತ ಒಪ್ಪಿಕೊಂಡರೆ ಒಂದು ಇನ್‌ಕ್ರಿಮೆಂಟ್ ಕತ್ತರಿಸಿ, ಊರು ಬದಲಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಕುಡಿದಿಲ್ಲ, ಕಳಿಸಿದವರು ಸಾಹೇಬರು ಅಂತ ಹಟ ಹಿಡಿದರೆ ಮೇಲಧಿಕಾರಿಯ ಮೇಲೆ ಸುಳ್ಳು ಹೇಳಿದ ಅಂತ ಇನ್ನೊಂದು ಆರೋಪ ಸೇರುತ್ತದೆ. ಅದಕ್ಕೆ ಕೆಲಸವೇ ಹೋಗಬಹುದು.

ನಾನು ಕುಣಿದಾಡಿದೆ. ಕೋರ್ಟಿಗೆ ಹೋಗೋಣ, ಯಾವ ನಿಯಮ ಅಂತ ನನಗೆ ಗೊತ್ತು ಅಂದೆ.

"ನಿನ್ನ ಮೊಬೈಲ್ ಕಾನೂನು ಇಟ್ಕಳಪಾ" ಅಂದ ಮಾವ. "ಕುಡುಕ ಅಂತ ಒಪ್ಪಿಕಂಡ್ರ ಡ್ರೆಸ್ ಕೊಡ್ತಾರ. ಸುಳ್ಳ ಅಂತ ಬರ್ದ್ರ ಡ್ರೆಸ್ಸೂ ಇಲ್ಲ."

"ನೀ ಕುಡಿದಿಲ್ಲಲ್ಲೋ ತಮ್ಮಾ" ಅಂದಳು ಅಮ್ಮ.

"ನಿಂಗ ಗೊತ್ತದಲ್ಲಕ್ಕ."

"ನಂಗ ಗೊತ್ತಿದ್ರ ಏನು ಬಂತು? ಓಣಿಗೆ ಯಾರು ಹೇಳ್ಬೇಕು?"

ಮಾವ ಎದ್ದು ಗಡ್ಡ ತೆಗೆಸಲು ಹೋದ. ಮರುದಿನ ಒಪ್ಪಿಕೊಂಡು ಬಂದ.

ಈಗ ಮಾವ ಸಂಡೂರು ಕಡೆಯ ಒಂದು ಠಾಣೆಯಲ್ಲಿದ್ದಾನೆ. ಅದಿರಿನ ಲಾರಿಗಳ ರಸ್ತೆಯಲ್ಲಿ ಡ್ಯೂಟಿ. ಖಾಕಿ ಬಟ್ಟೆ ಎಷ್ಟು ಒಗೆದರೂ ಕೆಂಪು ಬಿಡುವುದಿಲ್ಲ ಅಂತ ಅಮ್ಮನ ತಕರಾರು. ಲಾರಿ ಡ್ರೈವರುಗಳು ಕುಡಿದಿದ್ದಾರಾ ಅಂತ ನೋಡಲು ಅವರಿಂದ ಊದಿಸುವ ಮಷಿನ್ ಇರುತ್ತದಲ್ಲ, ಅಲ್ಲಿನ ಇನ್‌ಸ್ಪೆಕ್ಟರ್ ದಿನಾ ಬೆಳಗ್ಗೆ ಹಾಜರಿ ಆದ ಕೂಡಲೇ ಎಲ್ಲರೆದುರು ಅದನ್ನು ಮಾವನ ಬಾಯಿಗೆ ಇಡಿಸುತ್ತಾರೆ. ಮಾವ ಊದುತ್ತಾನೆ. ಸೊನ್ನೆ ಬರುತ್ತದೆ.

ಹೋದ ಭಾನುವಾರ ಊಟ ಮಾಡುತ್ತಾ ಮಾವ ಅದನ್ನು ಹೇಳಿದ. ಸೊನ್ನೆ ನೋಡಿ ನೋಡಿ ಇನ್‌ಸ್ಪೆಕ್ಟರಿಗೆ ಅನುಮಾನ ಬಂತಂತೆ.

"ಈ ಮಷಿನ್ ಕೆಟ್ಟೈತಿ, ಬ್ಯಾರೆ ತಗಂಬರ್ರಿ ಅಂದ್ರು."

"ತಂದ್ರಾ?" ಅಂದೆ.

"ತಂದ್ರು. ಅದೂ ಕೆಟ್ಟೈತಂತ" ಅಂದ ಮಾವ. ಇನ್ನೊಂದು ರೊಟ್ಟಿಗೆ ತಾಟು ಮುಂದೆ ಹಿಡಿದ.