ಸೋಮವಾರದ ಸಭೆ

ಮಂಗಸೂಳಿಯ ಸುಂದರಾ ಐವತ್ತೊಂದನೆಯ ವಯಸ್ಸಿಗೆ ಪಿಎಚ್.ಡಿ. ಪಡೆದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಡಾಕ್ಟರ್ ಆದಿ ಅಂತಿ, ನನ್ನ ಮೊಣಕಾಲಿಗೆ ಒಂದ ಗುಳಿಗಿ ಬರದ ಕೊಡಾಕ ಬರೂದಿಲ್ಲೇನ?"

ಬರುವುದಿಲ್ಲ. ಕಾಗವಾಡದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಸುಂದರಾ ಅಭ್ಯಾಸ ಮಾಡಿದ್ದು, ಜನ ಊರಿನ ಮೂರು ದವಾಖಾನೆ ದಾಟಿ ಗಡಿಯಾಚೆಯ ಮಿರಜಿನ ದೊಡ್ಡ ಆಸ್ಪತ್ರೆಗಳಿಗೇ ಏಕೆ ಹೋಗುತ್ತಾರೆ ಎಂಬುದನ್ನು. ಇಂಥದೇ ಹುಚ್ಚಿನವರು ಸುತ್ತ ಇನ್ನೂ ನಾಲ್ವರಿದ್ದಾರೆಂದು ಗೊತ್ತಾದಾಗ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ನಿಪ್ಪಾಣಿಯ ಉಸ್ಮಾನ ಬೀಡಿ ಕಟ್ಟುವವರ ಕೆಮ್ಮಿನ ಬಗ್ಗೆ ಬರೆಯುತ್ತಿದ್ದ. ಅಥಣಿ ತಾಲ್ಲೂಕಿನ ಸತ್ತಿ ಊರಿನ ನಿವೃತ್ತ ನರ್ಸ್ ದುಂಡವ್ವ ಮೂವತ್ತು ವರ್ಷ ಬಾಣಂತಿಯರ ಮಾತುಗಳನ್ನು ವಹಿಯಲ್ಲಿ ಬರೆದಿಟ್ಟಿದ್ದಳು. ಚಿಕ್ಕೋಡಿ, ರಾಯಬಾಗಗಳಲ್ಲಿ ಒಬ್ಬೊಬ್ಬ ಅಧ್ಯಾಪಕಿ. ಐವರೂ ಸೇರಿ ಸಂಶೋಧನಾ ಬಳಗ ಕಟ್ಟುವುದೆಂದಾಯಿತು.

ಪ್ರಾಂಶುಪಾಲ ಮಹಾವೀರ ಬಳಗಕ್ಕೆ ಕಾಲೇಜಿನ ಒಂದು ಕೋಣೆ ಕೊಡಲು ಷರತ್ತು ಹಾಕಿದರು. "ಐದು ತಾಲೂಕಿನ ಐದು ಸಹಿ, ಸೋಮವಾರ ಸಂಜಿ ಒಳಗ. ಇಲ್ಲಾಂದ್ರ ಆ ಖೋಲಿ ಆಟದ ಸಾಮಾನಿಗೆ."

ಸೋಮವಾರ ಹನ್ನೊಂದಕ್ಕೆ, ಸಭೆಗೆ ಗೊತ್ತುಮಾಡಿದ ಹೊತ್ತಿಗೆ, ಕೋಣೆಯಲ್ಲಿದ್ದದ್ದು ಸುಂದರಾ, ಒಂದು ಡಬ್ಬಿ ಅವಲಕ್ಕಿ, ಖಾಲಿ ಕುರ್ಚಿಗಳು. ಪ್ರಾಂಶುಪಾಲರೂ ರಜೆ. ಉಸ್ಮಾನನಿಗೆ ಫೋನ್ ಹಚ್ಚಿದಳು.

"ಮಿರಜದಾಗ ಅದೀನ್ರಿ ಮೇಡಂ. ಹೆಂಗೂ ಕಾಗವಾಡ ಮಟ ಬರೂದೈತಿ, ಅಮ್ಮೀ ಕಣ್ಣೂ ತೋರಿಸಿದ್ರಾತು ಅಂದೆ. ಪಾಳಿ ನಲವತ್ತನೇದ ಬಂತು!"

ಉಳಿದವರಿಗೂ ಫೋನ್ ಹಚ್ಚಿದರೆ, ದುಂಡವ್ವ ಸೊಸೆಯ ಜೊತೆ ಮಿರಜಿನಲ್ಲಿ. ಇನ್ನಿಬ್ಬರೂ ಅಲ್ಲೇ, ಒಬ್ಬೊಬ್ಬ ರೋಗಿಯೊಂದಿಗೆ.

ಸುಂದರಾ ಹಣೆ ಬಡಿದುಕೊಂಡಳು. ಆ ದಿಕ್ಕಿಗೆ ಯಾವ ಕೆಲಸಕ್ಕೆ ಹೊರಟರೂ ನಮ್ಮವರು ಮನೆಯ ಒಬ್ಬ ರೋಗಿಯನ್ನು ಜೊತೆಗೆ ಹೊರಡಿಸುತ್ತಾರೆಂದು ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಬರೆದವಳು ಅವಳೇ. ಖಾಲಿ ಕೋಣೆಯಲ್ಲಿ ಒಬ್ಬಳೇ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ವಹಿ, ಡಬ್ಬಿ ಎತ್ತಿಕೊಂಡು ಮಿರಜಿನ ಬಸ್ ಹತ್ತಿದಳು.

ಕಣ್ಣಿನ ದವಾಖಾನೆಯ ಎದುರು, ಬೇವಿನ ಮರದ ಕಟ್ಟೆಯ ಮೇಲೆ ಬಳಗದ ಮೊದಲ ಸಭೆ ಸೇರಿತು. ಅವಲಕ್ಕಿಗೆ ಕೈ ಚಾಚಿದ ರೋಗಿಗಳು ಚರ್ಚೆಗೂ ಬಾಯಿ ಹಾಕಿದರು.

"ಊರಾಗಿನ ಡಾಕ್ಟರ್ ನನ್ನ ಮಾತ ಅರ್ಧಾ ಕೇಳ್ತಾನ," ಎಂದಳು ಉಸ್ಮಾನನ ತಾಯಿ ಮದಿನಾಬಿ.

"ಇಲ್ಲಿ ಪೂರಾ ಕೇಳ್ತಾರೇನ ಬೇ?" ದುಂಡವ್ವ ಪೆನ್ನು ತೆಗೆದಳು.

"ಎಲ್ಲೀದು! ಇಲ್ಲಿ ಕೇಳೂದ ಇಲ್ಲ. ಅದಕ್ಕ ದೊಡ್ಡ ಡಾಕ್ಟರ್!"

ದುಂಡವ್ವನಿಗೆ ಅವಲಕ್ಕಿ ನೆತ್ತಿಗೇರಿತು. ನಗುನಗುತ್ತಲೇ ಐದೂ ಸಹಿ ಬಿದ್ದವು. ಸಂಜೆಯೊಳಗೆ ಪ್ರಾಂಶುಪಾಲರನ್ನು ಎಲ್ಲಿ ಹುಡುಕುವುದೆಂದು ಸುಂದರಾ ತಲೆ ಎತ್ತಿದರೆ, ಕಂಕುಳಲ್ಲಿ ಎಕ್ಸ್‌ರೇ ಚೀಲ ಹಿಡಿದು, ಕುಂಟುತ್ತ ರಸ್ತೆ ದಾಟುತ್ತಿದ್ದವರು ಮಹಾವೀರರೇ.

"ಸರ್, ಊರಾಗ ಮೂರು ದವಾಖಾನಿ ಅದಾವಲ್ರಿ?"

"ಸುಮ್ಮಿರ್ರಿ ಮೇಡಂ. ಸಹಿ ಎಲ್ಲಿ ಹಾಕೂದು ತೋರಸ್ರಿ."

ಒಪ್ಪಿಗೆಯ ಸಹಿ ಹಾಕಿ, ಕೋಣೆ ಇನ್ನು ಬಳಗದ್ದೇ ಎಂದರು. ಸುಂದರಾ ಕಟ್ಟೆಯ ಮೇಲೆ ಜಾಗ ಮಾಡಿ, ವಹಿಯ ಹೊಸ ಹಾಳೆ ತಿರುವಿದಳು.

"ಕೂಡ್ರಿ ಸರ್. ಮಿರಜಿಗೇ ಯಾಕ ಬಂದ್ರಿ? ಮೊದಲಿಂದ ಹೇಳ್ರಿ."