ಕಾಯುತ್ತಿದ್ದ ತಬಲಾ

ಹಾಡುವ ಮೊದಲು ಈರಣ್ಣ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದ. ಹುಬ್ಬಳ್ಳಿಯಲ್ಲಿ ಅವನಿಗೆ ಸಂಗೀತ ಕಲಿಸಿದ ಗುರುಗಳು ಹಾಗೆಯೇ ಕುಡಿಯುತ್ತಿದ್ದರು. ಎರಡು ಗುಟುಕು ಇಳಿದ ಮೇಲೆ ಅವರ ಕಂಠದಿಂದ ಹೊರಡುತ್ತಿದ್ದ ಷಡ್ಜಕ್ಕೆ ಕೋಣೆಯೇ ತುಂಬಿಹೋಗುತ್ತಿತ್ತು. ಶಿಷ್ಯರು ಸ್ವರದ ಜೊತೆಗೆ ಲೋಟವನ್ನೂ ಕಲಿತರು. ಗುರುಗಳು ಐವತ್ತು ದಾಟುತ್ತಲೇ ತೀರಿಹೋದದ್ದನ್ನು ಮಾತ್ರ ಯಾರೂ ಪಾಠವೆಂದುಕೊಳ್ಳಲಿಲ್ಲ.

ಈಗ ಈರಣ್ಣನೂ ಆ ವಯಸ್ಸಿನ ಹತ್ತಿರ ಬಂದಿದ್ದಾನೆ. ಒಮಾನ್ ದೇಶದ ರುಸೈಲಿನಲ್ಲಿ, ಪೈಪ್ ಕಾರ್ಖಾನೆಯೊಂದರ ಮೇಂಟೆನೆನ್ಸ್ ಎಂಜಿನಿಯರ್. ವಾರವಿಡೀ ಮಶೀನುಗಳ ಸದ್ದು, ಶುಕ್ರವಾರ ಮಧ್ಯಾಹ್ನ ತನ್ನ ಫ್ಲ್ಯಾಟಿನ ಹಾಲ್‌ನಲ್ಲಿ ಹಾರ್ಮೋನಿಯಂ. ತಬಲಾಕ್ಕೆ ವಿವೇಕ, ಅದೇ ಕಾರ್ಖಾನೆಯ ಲ್ಯಾಬಿನಲ್ಲಿರುವ ವಿಜಯಪುರದವನು. ಕೇಳುವುದಕ್ಕೆ ಹೆಂಡತಿ ಉಮಾಶ್ರೀ. ಅಲ್ಲಿ ಮದ್ಯ ಕೊಳ್ಳಲು ಬೇಕಾದ ಪರ್ಮಿಟ್ ಅವನಿಗಿತ್ತು, ಆ ತೊಂದರೆಯಿರಲಿಲ್ಲ. ಶುಕ್ರವಾರದ ಲೋಟ ಬರುಬರುತ್ತ ವಾರದ ಉಳಿದ ದಿನಗಳಿಗೂ ಹಬ್ಬಿತು. ಕುಡಿಯದೆ ಹಾಡಿದ ನೆನಪೇ ಅವನಿಗೆ ಇಲ್ಲವಾಯಿತು.

ಲಿವರ್ ಬಗ್ಗೆ ಡಾಕ್ಟರರು ಎಚ್ಚರಿಸಿದ ದಿನ ಉಮಾಶ್ರೀ ಅತ್ತಿದ್ದಳು.

"ಇದನ್ನ ಬಿಟ್ರ ಹಾಡೂ ನನ್ನ ಬಿಡ್ತೈತಿ, ಉಮಾ. ಆಮ್ಯಾಲ ಈ ಮಶೀನಿನ ಸದ್ದಿನಾಗ ನಾ ಹ್ಯಾಂಗ ಬದುಕಲಿ?" ಎಂದಿದ್ದ ಅವನು.

ರಂಜಾನ್ ತಿಂಗಳಲ್ಲಿ ಮದ್ಯದ ಅಂಗಡಿಗಳು ಮುಚ್ಚಿರುತ್ತವೆ. ಪ್ರತಿ ವರ್ಷ ಅವನು ಮೊದಲೇ ತಂದಿಡುತ್ತಿದ್ದ. ಈ ಸಲ, ರಂಜಾನ್ ಶುರುವಾಗುವ ಚಂದ್ರ ಒಮಾನಿನಲ್ಲಿ ಕಾಣುವುದು ಒಂದು ದಿನ ತಡವೇ ಎಂದು ನಂಬಿ, ತರುವುದನ್ನು ಶನಿವಾರಕ್ಕೆ ಇಟ್ಟುಕೊಂಡ. ಶುಕ್ರವಾರ ಸಂಜೆಯೇ ಚಂದ್ರ ಕಾಣಿಸಿದ. ಬಾಟಲಿಯ ತಳದಲ್ಲಿ ಉಳಿದದ್ದು ಎರಡು ದಿನಕ್ಕೆ ಮುಗಿಯಿತು.

ಈದ್ ಮುಗಿದ ಮೇಲಿನ ಶುಕ್ರವಾರ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ. ಅದಕ್ಕೆ ಉಮಾಶ್ರೀ ಬರೆದ ಹಾಡೊಂದಕ್ಕೆ ಅವನು ಹೊಸ ರಾಗ ಕೂಡಿಸಬೇಕಿತ್ತು. ಮೊದಲ ವಾರ ನಿದ್ದೆಯಿಲ್ಲ, ಬೆರಳುಗಳಲ್ಲಿ ನಡುಕ. ಹಾರ್ಮೋನಿಯಂ ಮುಂದೆ ಕೂತರೆ ಬೇರೊಬ್ಬರ ಮನೆಯಲ್ಲಿ ಕೂತಂತೆ. ಸ್ವರ ಬರುತ್ತಿತ್ತು, ಆದರೆ ಮೊದಲಿನಂತೆ ಉಕ್ಕಿ ಬರುತ್ತಿರಲಿಲ್ಲ. ಒಂದೊಂದಾಗಿ, ಕರೆದರೆ ಮಾತ್ರ ಬರುತ್ತಿತ್ತು.

ಎರಡನೆಯ ವಾರ ವಿವೇಕ ಬಂದ. ರಂಜಾನಿನ ದಿನಗಳೆಂದು ಕಿಟಕಿ ಮುಚ್ಚಿ, ಮೆಲ್ಲಗೆ ಶುರು ಮಾಡಿದರು. ಪಲ್ಲವಿಯನ್ನು ಒಂದು ಸುತ್ತು ಹಾಡಿ ಈರಣ್ಣ ಸಮಕ್ಕೆ, ಅಂದರೆ ತಾಳದ ಮೊದಲ ಹೊಡೆತಕ್ಕೆ, ಬಂದ. ತಬಲಾ ಬರಲಿಲ್ಲ. ಒಂದು ಉಸಿರಿನಷ್ಟು ತಡೆದು, ಆಮೇಲೆ ಬಿತ್ತು. ಮತ್ತೊಮ್ಮೆ ಹಾಡಿದ, ಮತ್ತೆ ಹಾಗೆಯೇ.

"ಏನಪಾ, ರೋಜಾ ಉಪವಾಸ ಹಿಡದೀಯೇನು? ಕೈಯಾಗ ಕಸುವ ಇಲ್ಲಲ್ಲ!"

"ನಿಮ್ಮ ಲೋಟ ರೋಜಾ ಹಿಡದೈತಿ, ಅಣ್ಣಾರ. ಅದಕ್ಕ ನನಗ ತಪ್ಪಾಕತ್ತೈತಿ," ಎಂದ ವಿವೇಕ. ನಗಲು ಹೋದವನು ನಗಲಿಲ್ಲ.

"ಅಂದ್ರ?"

ವಿವೇಕ ತಬಲಾದ ಅಂಚನ್ನು ಬೆರಳಿನಿಂದ ಸವರುತ್ತ ಕೂತ. "ನೀವು ತಗೊಂಡಾಗ ಸಮಕ್ಕ ತಡಾ ಬರ್ತೀರಿ. ನಾ ಕಾಯ್ತೀನಿ. ಎಲ್ಲಾರ ಮುಂದ ನೀವು ತಪ್ಪಬಾರದಲ್ಲ. ಕಾದು ಕಾದು ಕೈಗೆ ಅದೇ ರೂಢಿ ಆಗೇತಿ. ಇವತ್ತ ನೀವು ಸರಿಯಾಗಿ ಬಂದ್ರಿ."

"ಯಾವಾಗಿಂದ?"

"ನಾ ಬಂದಾಗಿಂದ, ಅಣ್ಣಾರ."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಉಮಾಶ್ರೀ ಅಲ್ಲೇ ನಿಂತಳು. ಈಗ ಕೂಗಾಡುತ್ತಾನೆ ಎಂದುಕೊಂಡಳು. ಈರಣ್ಣ ಹಾರ್ಮೋನಿಯಂನ ತಿದಿ ಮುಚ್ಚಿದ. ಕುಡಿದಾಗ ಸಮ ತಾನಾಗಿ ಬಂದು ತನ್ನ ಕಾಲಡಿಗೆ ನಿಲ್ಲುತ್ತದೆ ಎಂದು ಇಷ್ಟು ವರ್ಷ ನಂಬಿದ್ದ. ಅದು ದೈವದ್ದೆಂದುಕೊಂಡಿದ್ದ. ಅದು ಈ ಹುಡುಗನ ಅಂಗೈಯದು.

"ವೈನಿ, ನೀವಾರ ಬೈರಿ ನನಗ," ಎಂದ ವಿವೇಕ.

"ಚಹಾ ಕುಡೀರಿ ಮೊದಲ," ಎಂದಳು ಅವಳು.

ಆ ತಿಂಗಳು ರಾಗ ಕೂಡಿತು. ಅದು ದೊಡ್ಡ ರಾಗವಲ್ಲ. ಗುರುಗಳ ಕಂಠದಲ್ಲಿದ್ದ ಆ ಉಕ್ಕು ಅದರಲ್ಲಿಲ್ಲ, ಅದು ಈರಣ್ಣನಿಗೆ ಗೊತ್ತಿತ್ತು. ಒಂದೆರಡು ಕಡೆ ಒಣಗಿದಂತೆಯೂ ಇತ್ತು. ಆದರೆ ಉಮಾಶ್ರೀಯ ಮೂರನೆಯ ಸಾಲಿನಲ್ಲಿ ಸ್ವರ ಮೆಲ್ಲಗೆ ಕೆಳಗಿಳಿಯುವ ಜಾಗವೊಂದಿತ್ತು. ಅದನ್ನು ಅವನು ಯಾರಿಂದಲೂ ಕಲಿತಿರಲಿಲ್ಲ.

ಈದ್ ಮುಗಿದು ಅಂಗಡಿಗಳು ತೆರೆದವು. ಪರ್ಮಿಟ್ ಅವನ ಪರ್ಸಿನಲ್ಲೇ ಇತ್ತು. ಕಾರ್ಯಕ್ರಮದ ದಿನ ಅವನು ಕಾರು ತೆಗೆದುಕೊಂಡು ಹೊರಗೆ ಹೋಗಿ, ಬಹಳ ಹೊತ್ತಾದ ಮೇಲೆ ಬಂದ. ಉಮಾಶ್ರೀ ಎಲ್ಲಿಗೆಂದು ಕೇಳಲಿಲ್ಲ.

ವೇದಿಕೆಯಲ್ಲಿ ಪರದೆ ಇನ್ನೂ ಸರಿದಿರಲಿಲ್ಲ. ತಬಲಾದ ಶ್ರುತಿ ಸರಿಮಾಡುತ್ತಿದ್ದ ವಿವೇಕ ಅವನ ಕಡೆ ಬಾಗಿದ.

"ಅಣ್ಣಾರ, ಕಾಯಲೇನು?"

ಈರಣ್ಣ ಹಾರ್ಮೋನಿಯಂನ ತಿದಿ ತೆರೆದ.

"ಬ್ಯಾಡ," ಎಂದ. "ತಪ್ಪಿದ್ರ ತಪ್ಪಲಿ."